ಚಿನ್ನದ ನಾಣ್ಯವನ್ನು ನಂಬುವುದು ಹೇಗೆ?

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಪ್ರಯೋಗಶಾಲೆಯ ತರಗತಿ ಮುಗಿದು ಹುಡುಗರೆಲ್ಲರೂ ಹೊರಟುಹೋದ ಬಳಿಕ, ನಮ್ಮ ಕಾಲೇಜಿನ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಹಿಂದೆ ಉಳಿದನು. ಅವನ ಕೈಯಲ್ಲಿ ಕರವಸ್ತ್ರದ ಗಂಟೊಂದಿತ್ತು. ಬಾಗಿಲ ಕಡೆಗೊಮ್ಮೆ ನೋಡಿ ಅದನ್ನು ಮೇಜಿನ ಮೇಲೆ ಬಿಚ್ಚಿದನು. ಒಳಗೆ ಹಳದಿ ಬಣ್ಣದ ಹನ್ನೊಂದು ನಾಣ್ಯಗಳಿದ್ದುವು. ಅವುಗಳಿಂದ ಬೇರೆಯಾಗಿ, ಕಾಗದದ ಪೊಟ್ಟಣವೊಂದರಲ್ಲಿ, ತೊಗರಿಬೇಳೆಗಿಂತ ಸ್ವಲ್ಪ ಅಗಲವಾದ ಮತ್ತೊಂದು ಪುಟ್ಟ ನಾಣ್ಯವಿತ್ತು.

ಹುಡುಗನ ಅಜ್ಜನವರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ತಂದೆಯವರು ಬೆಂಗಳೂರಿಗೆ ಬಂದು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಕ್ಕೆ ಸೇರಿದರು. ಚಹದ ಅಂಗಡಿಯೊಂದರಲ್ಲಿ ಅವರಿಗೆ ಒಬ್ಬ ಅಪರಿಚಿತನ ಸ್ನೇಹವಾಯಿತು. ವೈಟ್‌ಫೀಲ್ಡಿನ ಕಡೆ ಕಟ್ಟಡದ ಪಾಯ ತೋಡುವಾಗ ತನಗೊಂದು ಕುಡಿಕೆ ದೊರೆಯಿತೆಂದೂ, ಅದರ ತುಂಬ ಹಳೆಯ ವರಹಗಳಿದ್ದುವೆಂದೂ ಆತನು ಗುಟ್ಟಾಗಿ ಹೇಳಿದನು. ಒಂದು ನಾಣ್ಯವನ್ನು ಕೈಗಿತ್ತು, 'ಯಾರಲ್ಲಿ ಬೇಕಾದರೂ ಪರೀಕ್ಷೆ ಮಾಡಿಸಿಕೊಳ್ಳಿ' ಎಂದನು. ಚಿನಿವಾರರೊಬ್ಬರು ಅದನ್ನು ಒರೆಗೆ ಹಚ್ಚಿ ನೋಡಿ, ಒಳ್ಳೆಯ ಚಿನ್ನವೆಂದೇ ಹೇಳಿದರು. ಆ ಮಾತನ್ನು ನಂಬಿ ತಂದೆಯವರು ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೆಲ್ಲ ತೆತ್ತು ಇನ್ನೂ ಹತ್ತು ನಾಣ್ಯಗಳನ್ನು ಕೊಂಡರು. ಆ ಮೇಲೆ ಆ ಮನುಷ್ಯನು ಕಾಣಲಿಲ್ಲ. ಮನೆಯಲ್ಲಿ ಸಂಶಯ ಹುಟ್ಟಿತು. ನೆಲದಲ್ಲಿ ಸಿಕ್ಕ ನಿಧಿಯನ್ನು ಕೊಂಡದ್ದು ಅಪರಾಧವಾದೀತೆಂಬ ಭಯದಿಂದ ಮತ್ತೆ ಯಾರಿಗೂ ತೋರಿಸಲು ಧೈರ್ಯವಾಗಲಿಲ್ಲ.

'ಸರ್, ಇವು ಚಿನ್ನವೋ ಅಲ್ಲವೋ, ಅಷ್ಟನ್ನು ಹೇಳಿ ಸಾಕು' ಎಂದನು ಹುಡುಗ. ಪುಟ್ಟ ನಾಣ್ಯವು ಅವನ ಅಜ್ಜಿಯದು. ಅವರ ತವರುಮನೆಯಿಂದ ಬಂದದ್ದು. 'ಹೇಗೂ ತಂದೆನಲ್ಲ, ಅದನ್ನೂ ನೋಡಿಬಿಡಿ' ಎಂದು ಸೇರಿಸಿದನು.

ಆ ದಿನ ನಾವು ಮಾಡಿದ ಪರೀಕ್ಷೆಗಳನ್ನು ಇಲ್ಲಿ ವಿವರಿಸುತ್ತೇವೆ. ಅವುಗಳಲ್ಲಿ ಹೆಚ್ಚಿನವನ್ನು ಯಾವ ಕಾಲೇಜಿನ ವಿದ್ಯಾರ್ಥಿಯಾದರೂ ಮಾಡಬಹುದು. ಆದರೆ ಅದಕ್ಕೆ ಮೊದಲು, ನಾಣ್ಯವೊಂದನ್ನು ನಂಬುವುದೆಂದರೆ ಏನೆಂಬುದನ್ನು ಸ್ವಲ್ಪ ವಿಚಾರಿಸೋಣ. ಈ ಪ್ರಶ್ನೆ ಪೀಣ್ಯದಲ್ಲಿ ಮೊದಲ ಸಲ ಹುಟ್ಟಿದ್ದಲ್ಲ.

ಮುದ್ರೆ ಎಂಬ ಮಾತು

ಚಿನ್ನದ ತುಣುಕೊಂದು ನಾಣ್ಯವಾಗುವುದು ಅದರ ಮೇಲೆ ಮುದ್ರೆ ಬಿದ್ದಾಗ. ಆ ಮುದ್ರೆಯು ಎರಡು ಸಂಗತಿಗಳಿಗೆ ಹೊಣೆಯಾಗುತ್ತದೆ: ಒಂದು, ಇದರ ತೂಕ ಇಷ್ಟು, ಇನ್ನೊಂದು, ಇದರಲ್ಲಿ ಚಿನ್ನದ ಪಾಲು ಇಷ್ಟು. ಮುದ್ರೆಯನ್ನು ಒತ್ತಿದವನ ಮಾತನ್ನು ನಂಬುವವರಿರುವಷ್ಟು ದೂರ ಆ ನಾಣ್ಯವು ಓಡುತ್ತದೆ. ನಂಬಿಕೆ ಮುಗಿದ ಗಡಿಯಲ್ಲಿ ಅದು ಮತ್ತೆ ಬರಿಯ ಲೋಹ. ಅಲ್ಲಿ ತಕ್ಕಡಿ, ಒರೆಗಲ್ಲುಗಳ ಕೆಲಸ ಆರಂಭವಾಗುತ್ತದೆ.

ಕನ್ನಡನಾಡಿಗೆ ಈ ವಿಷಯ ಹೊಸದಲ್ಲ. ಟಂಕಸಾಲೆಯನ್ನು ನಮ್ಮ ಹಳೆಯ ಶಾಸನಗಳು ಕಮ್ಮಟವೆಂದು ಕರೆದಿವೆ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯ ಟಂಕಸಾಲೆಯಿಂದ ಹೊರಟ ಗದ್ಯಾಣಕ್ಕೆ 'ಲೊಕ್ಕಿ ಗದ್ಯಾಣ'ವೆಂದೇ ಹೆಸರಾಗಿತ್ತು. ನಾಣ್ಯದ ಹೆಸರಿನೊಡನೆ ಊರಿನ ಹೆಸರನ್ನೂ ಹೇಳುವ ರೂಢಿ ಬಂದುದೇಕೆಂಬುದನ್ನು ಓದುಗರು ಊಹಿಸಬಹುದು. ಎಲ್ಲ ಕಮ್ಮಟಗಳ ಮಾತಿಗೂ ಒಂದೇ ಬೆಲೆ ಇರಲಿಲ್ಲ. ವಿಜಯನಗರದ ಕಾಲದಲ್ಲಿ ಸುಮಾರು 3.4 ಗ್ರಾಂ ತೂಗುವ ವರಹವೂ, ಅದರ ಅರ್ಧವಾದ ಪ್ರತಾಪವೂ, ಹತ್ತನೆಯ ಒಂದು ಪಾಲಾದ ಹಣವೂ ಬಳಕೆಯಲ್ಲಿದ್ದುವು. 1567ರಲ್ಲಿ ವಿಜಯನಗರದಿಂದ ಗೋವೆಯ ಕಡೆಗೆ ಪ್ರಯಾಣ ಮಾಡಿದ ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕ್‌ನು, ದಾರಿಯಲ್ಲಿ ಒಬ್ಬೊಬ್ಬ ಅಧಿಕಾರಿಯೂ ತನ್ನದೇ ತಾಮ್ರದ ನಾಣ್ಯವನ್ನು ಅಚ್ಚು ಹಾಕಿಸುತ್ತಿದ್ದುದರಿಂದ ಈ ದಿನ ಪಡೆದ ಚಿಲ್ಲರೆ ಮರುದಿನದ ಊರಿನಲ್ಲಿ ನಡೆಯುತ್ತಿರಲಿಲ್ಲವೆಂದು ಬರೆದಿಟ್ಟಿದ್ದಾನೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ನರಸಿಂಹನ ಮುದ್ರೆಯ ಪುಟ್ಟ ಚಿನ್ನದ ಹಣವಾದರೋ ಎಂತಹ ವಿಶ್ವಾಸವನ್ನು ಗಳಿಸಿತೆಂದರೆ, 1799ರಲ್ಲಿ ಟಿಪ್ಪುಸುಲ್ತಾನನ ರಾಜ್ಯವನ್ನು ಹಂಚಿದಾಗಲೂ ಸೀಮೆಗಳ ಹುಟ್ಟುವಳಿಯನ್ನು ಕಂಠೀರಾಯಿ ವರಹಗಳ ಲೆಕ್ಕದಲ್ಲಿಯೇ ಬರೆದರು. ಇಕ್ಕೇರಿಯನ್ನು ಗೆದ್ದ ಹೈದರಾಲಿಯು ಅಲ್ಲಿನ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ಜನರು ನಂಬಿದ ಮುದ್ರೆಯನ್ನು ಕೆಡಿಸುವುದು ಜಾಣತನವಲ್ಲವೆಂದು ಅವನು ಅರಿತಿದ್ದನು.

ಪೀಣ್ಯಕ್ಕೆ ಹೊಂದಿಕೊಂಡಿರುವ ಯಶವಂತಪುರದಲ್ಲಿಯೇ 1891ರಲ್ಲಿ 163 ರೋಮನ್ ಬೆಳ್ಳಿಯ ನಾಣ್ಯಗಳು ಭೂಮಿಯೊಳಗಿಂದ ದೊರೆತುವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದ ನಾಣ್ಯಗಳವು. ವೈಟ್‌ಫೀಲ್ಡಿನ ದಾರಿಯಲ್ಲಿರುವ ಹಳೆಯ ವಿಮಾನ ನಿಲ್ದಾಣದ ಬಳಿಯಲ್ಲಿಯೂ ರೋಮನ್ ನಾಣ್ಯಗಳು ಸಿಕ್ಕಿವೆ. ಪಾಯ ತೋಡುವಾಗ ಕುಡಿಕೆ ಸಿಕ್ಕಿತೆಂಬ ಕಥೆಗೆ ನಮ್ಮ ಊರಿನಲ್ಲಿ ಕಿವಿಗಳು ಸುಲಭವಾಗಿ ದೊರೆಯುವುದು ಇದರಿಂದಲೇ. ಸುಳ್ಳಿಗೆ ಬೇರು ಬಿಡಲು ಸ್ವಲ್ಪ ನಿಜದ ಮಣ್ಣು ಬೇಕಾಗುತ್ತದೆ.

ಕ್ಯಾಲಿಫೋರ್ನಿಯದ ಖಾಸಗಿ ಟಂಕಸಾಲೆಗಳು

ಅಮೆರಿಕದಲ್ಲಿ ಇದೇ ಸಮಸ್ಯೆ ಒಂದು ವಿಚಿತ್ರ ರೂಪವನ್ನು ತಾಳಿತು. 1848ನೆಯ ಇಸವಿ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಕ್ಯಾಲಿಫೋರ್ನಿಯದ ಒಂದು ಮರಕೊಯ್ಯುವ ಕಾರ್ಖಾನೆಯ ಕಾಲುವೆಯಲ್ಲಿ ಚಿನ್ನದ ಚೂರುಗಳು ಕಂಡುವು. ಮರುವರ್ಷ ಲೋಕದ ಮೂಲೆಮೂಲೆಗಳಿಂದ ಜನರು ನುಗ್ಗಿದರು. ಹೊಳೆಯ ಮರಳನ್ನು ತೊಳೆದವನಿಗೆಲ್ಲ ಚಿನ್ನದ ಪುಡಿ ಸಿಕ್ಕಿತು. ಆದರೆ ಅಂಗಡಿಗೆ ಹೋಗಿ ಉಪ್ಪು ಕೊಳ್ಳಲು ನಾಣ್ಯವಿರಲಿಲ್ಲ. ಪುಡಿಯನ್ನೇ ಚಿಟಿಕೆಯಲ್ಲಿ ಎತ್ತಿ ಕೊಡಬೇಕು, ಚಿಟಿಕೆ ಅಂಗಡಿಯವನದು. ಸರ್ಕಾರದ ಟಂಕಸಾಲೆಗಳೋ ಸಾವಿರಾರು ಮೈಲಿ ದೂರದಲ್ಲಿದ್ದುವು. ರಾಜ್ಯಗಳು ನಾಣ್ಯ ಹೊರಡಿಸಕೂಡದೆಂದು ಅಮೆರಿಕದ ಸಂವಿಧಾನವು ವಿಧಿಸಿತ್ತು. ಖಾಸಗಿ ವ್ಯಕ್ತಿಗಳ ವಿಷಯದಲ್ಲಿ ಅಂತಹ ಮಾತಿರಲಿಲ್ಲ. ಆದಕಾರಣ ವರ್ತಕರೂ ಲೋಹಪರೀಕ್ಷಕರೂ ತಾವೇ ಅಚ್ಚುಗಳನ್ನು ಕೆತ್ತಿಸಿ ಚಿನ್ನದ ನಾಣ್ಯಗಳನ್ನು ಹೊರಡಿಸಿದರು.

ಇದಕ್ಕೆ ದಾರಿ ಮಾಡಿದವರು ಮೊದಲೇ ಇದ್ದರು. ಉತ್ತರ ಕೆರೊಲಿನದಲ್ಲಿ ಚಿನ್ನ ದೊರೆತಾಗ, ಜರ್ಮನಿಯಿಂದ ಬಂದ ಅಕ್ಕಸಾಲಿಗ ಕ್ರಿಸ್ಟಫರ್ ಬೆಕ್ಟ್ಲರ್ ಎಂಬವನು 1831ರಿಂದ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದನು. ಅವುಗಳ ಮೇಲೆ ಚಿನ್ನದ ಕ್ಯಾರಟ್ಟನ್ನೂ ತೂಕವನ್ನೂ ಕೆತ್ತಿರುತ್ತಿದ್ದನು. ಬೇಕಾದವರು ತೂಗಿ ನೋಡಬಹುದಾಗಿತ್ತು. ಅವನ ಕುಟುಂಬದ ನಾಣ್ಯಗಳು ವರ್ಷಗಟ್ಟಲೆ ಗೌರವದಿಂದ ಓಡಾಡಿದುವು.

ಎಲ್ಲರೂ ಬೆಕ್ಟ್ಲರನಂತಿರಲಿಲ್ಲ. ಸಾಲ್ಟ್ ಲೇಕ್ ನಗರದಲ್ಲಿ 1849ರಲ್ಲಿ ಹೊರಟ ನಾಣ್ಯಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿದ್ದ ಚಿನ್ನದ ಬೆಲೆ ಮುಖಬೆಲೆಗಿಂತ ಶೇಕಡ 10ಕ್ಕೂ ಹೆಚ್ಚು ಕಡಮೆಯಾಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಬಾಲ್ಡ್‌ವಿನ್ ಸಂಸ್ಥೆಯ ನಾಣ್ಯಗಳನ್ನು 1851ರಲ್ಲಿ ಪರೀಕ್ಷೆಗೆ ಕಳುಹಿಸಲಾಯಿತು. ಅದರ 20 ಡಾಲರಿನ ನಾಣ್ಯದಲ್ಲಿ ಶೇಕಡ 3ರಷ್ಟು ಮಾತ್ರ ಕೊರತೆ ಕಂಡುಬಂದಿತು. ಆದರೆ ಸುದ್ದಿ ಪತ್ರಿಕೆಗಳಲ್ಲಿ ಬಂದೊಡನೆ ಜನರು ಅವನ್ನು ಮುಟ್ಟಲೊಲ್ಲದೆ ಕರಗಿಸಲು ಕೊಟ್ಟರು. ಅದೇ ವರ್ಷ ಸರ್ಕಾರದ ಲೋಹಪರೀಕ್ಷಕ ಅಗಸ್ಟಸ್ ಹಂಬರ್ಟನ ಹೆಸರಿನಲ್ಲಿ ಎಂಟು ಮೂಲೆಗಳುಳ್ಳ 50 ಡಾಲರಿನ ದೊಡ್ಡ ನಾಣ್ಯಗಳು ಹೊರಟುವು. ಅವುಗಳ ಮೇಲೆ ಸಾವಿರಕ್ಕೆ 880 ಅಥವಾ 887 ಪಾಲು ಚಿನ್ನವೆಂದು ಕೆತ್ತಲಾಗಿತ್ತು. ಡೆನ್ವರಿನ ಕ್ಲಾರ್ಕ್–ಗ್ರೂಬರ್ ಸಂಸ್ಥೆಯವರು 1860ರಲ್ಲಿ ಬಹುಮಟ್ಟಿಗೆ ಅಪರಂಜಿಯಲ್ಲಿಯೇ ನಾಣ್ಯ ಮಾಡಿದರು. ಅದು ತೀರ ಮೆತ್ತಗಾಗಿ ಬೇಗ ಸವೆದುದರಿಂದ ಮರುವರ್ಷ ಬೇರೆ ಲೋಹವನ್ನು ಬೆರೆಸಬೇಕಾಯಿತು. 1854ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸರ್ಕಾರದ ಟಂಕಸಾಲೆ ತೆರೆಯಿತು. 1864ರ ಕಾನೂನು ಖಾಸಗಿ ನಾಣ್ಯಗಳನ್ನು ನಿಷೇಧಿಸಿತು.

ಈ ನಾಣ್ಯಗಳು ಇಂದು ಅತ್ಯಂತ ಅಪೂರ್ವ. ಅದರ ಕಾರಣವು ಚಿಂತನೀಯ. ಸರ್ಕಾರದ ಒಳ್ಳೆಯ ನಾಣ್ಯ ಬಂದೊಡನೆ ಇವೆಲ್ಲವೂ ಮೂಸೆಗೆ ಬಿದ್ದುವು. ಹೆಚ್ಚು ಅಪಕೀರ್ತಿ ಪಡೆದದ್ದು ಹೆಚ್ಚು ಕರಗಿತು. ಹೆಚ್ಚು ಕರಗಿದ್ದು ಇಂದು ಹೆಚ್ಚು ವಿರಳ. ಹಾಗಾಗಿ ಅಂದು ಯಾರಿಗೂ ಬೇಡವಾದ ಬಾಲ್ಡ್‌ವಿನ್ ನಾಣ್ಯಕ್ಕೆ ಈಗ ಸಂಗ್ರಾಹಕರು ಅದರ ಚಿನ್ನದ ಬೆಲೆಯ ಅನೇಕ ಪಟ್ಟು ಹಣವನ್ನು ಕೊಡುತ್ತಾರೆ. ಮತ್ತು ಅದೇ ಕಾರಣದಿಂದ ಅದರ ನಕಲುಗಳೂ ಹುಟ್ಟಿಕೊಂಡಿವೆ.

ಕೋಲಾರದಲ್ಲಿ ಹಾಗೇಕೆ ಆಗಲಿಲ್ಲ?

ನಮ್ಮಲ್ಲಿಯೂ ಚಿನ್ನದ ನೂಕುನುಗ್ಗಲಿತ್ತು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು ಉರಿಗಾಂ, ಮಾರಿಕುಪ್ಪಂ ಗ್ರಾಮಗಳ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡನು. 1873ರಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಗಣಿಯ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಕಾಲಿಟ್ಟಿತು. ಗಣಿಯು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂದಿತು. ಆದರೂ ಕೋಲಾರದ ಗಣಿಗಾರನೊಬ್ಬನು ತನ್ನ ಹೆಸರಿನಲ್ಲಿ ನಾಣ್ಯ ಹೊಡೆಯಲಿಲ್ಲ.

ಇದಕ್ಕೆ ಎರಡು ಕಾರಣಗಳನ್ನು ಕಾಣಬಹುದು. ಮೊದಲನೆಯದು ಕಾನೂನು: ಆ ವೇಳೆಗೆ ಸರ್ಕಾರದ ರೂಪಾಯಿ ಎಲ್ಲೆಡೆಯೂ ನೆಲೆಗೊಂಡಿತ್ತು, ಚಿಟಿಕೆಯ ಪುಡಿಯಲ್ಲಿ ವ್ಯಾಪಾರ ಮಾಡುವ ಅಗತ್ಯವಿರಲಿಲ್ಲ. ಎರಡನೆಯದು ಭೂವಿಜ್ಞಾನ: ಕ್ಯಾಲಿಫೋರ್ನಿಯದ ಚಿನ್ನವು ಮೊದಲು ದೊರೆತದ್ದು ಹೊಳೆಯ ಮರಳಿನಲ್ಲಿ; ಒಂದು ಬಾಣಲೆಯಿದ್ದವನು ಗಣಿಗಾರನಾಗಬಹುದಾಗಿತ್ತು. ಕೋಲಾರದ್ದು ಬೆಣಚುಕಲ್ಲಿನ ಸಿರಗಳಲ್ಲಿ, ಭೂಮಿಯ ಆಳದಲ್ಲಿ ಹುದುಗಿತ್ತು. ಒಂದು ಟನ್ ಶಿಲೆಯನ್ನು ಹುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಆ ಗಣಿಗಳಿಗೆ ಬಂಡವಾಳ, ಯಂತ್ರಗಳು, 1902ರಿಂದ ಶಿವನಸಮುದ್ರದ ವಿದ್ಯುತ್ತು, ಎಲ್ಲವೂ ಬೇಕಾದುವು. ಚಿನ್ನವು ಕಾರ್ಮಿಕನ ಕೈಚೀಲಕ್ಕೆ ಬಾರದೆ ಕಂಪನಿಯ ಗಟ್ಟಿಗಳಾಗಿ ಹೊರಟುಹೋಯಿತು. ನಮ್ಮ ವಿದ್ಯಾರ್ಥಿಯ ಅಜ್ಜನವರು ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ದುಡಿದರೂ, ಚಿನ್ನವನ್ನು ಗುರುತಿಸುವ ವಿದ್ಯೆ ಮನೆಗೆ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಅವರು ಕಂಡದ್ದು ಕಲ್ಲನ್ನು.

ಒರೆಗಲ್ಲು

ಈಗ ಪರೀಕ್ಷೆಗೆ ಬರೋಣ. ಒರೆಗಲ್ಲೆಂಬುದು ನುಣುಪಾದ, ಕಪ್ಪಾದ, ಆಮ್ಲಕ್ಕೆ ಕರಗದ ಕಲ್ಲು. ಅದರ ಮೇಲೆ ನಾಣ್ಯವನ್ನು ಉಜ್ಜಿದರೆ ಲೋಹದ ತೆಳುವಾದ ಗೆರೆ ಮೂಡುತ್ತದೆ. ಪಕ್ಕದಲ್ಲಿ, ಗುಣ ಗೊತ್ತಿರುವ ಚಿನ್ನದ ಗೆರೆಯನ್ನೆಳೆದು ಎರಡರ ಬಣ್ಣವನ್ನು ಹೋಲಿಸಬೇಕು. ಅನಂತರ ನೈಟ್ರಿಕ್ ಆಮ್ಲದ ತೊಟ್ಟನ್ನು ಹಾಕಿದರೆ ಹಿತ್ತಾಳೆಯ ಗೆರೆ ಕರಗಿ ಮಾಯವಾಗುವುದು. ಚಿನ್ನದ ಗೆರೆ ನಿಲ್ಲುವುದು. ಚಿನ್ನವನ್ನು ಕರಗಿಸಬೇಕಾದರೆ ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ಹೈಡ್ರೊಕ್ಲೋರಿಕ್ ಆಮ್ಲ ಬೆರೆಸಿದ ರಾಜೋದಕ ಬೇಕು. ಪಳಗಿದ ಚಿನಿವಾರರ ಕಣ್ಣು ಈ ಕೆಲಸದಲ್ಲಿ ಬಹಳ ಸೂಕ್ಷ್ಮ. ಆದರೆ ಒರೆಗಲ್ಲು ಬಲ್ಲುದು ನಾಣ್ಯದ ಮೇಲ್ಮೈಯನ್ನು ಮಾತ್ರ. ದಪ್ಪವಾದ ಲೇಪದ ಕೆಳಗೆ ಏನಿದೆಯೆಂಬುದನ್ನು ಅದು ಹೇಳಲಾರದು.

ನೀರಿನ ಸಾಕ್ಷ್ಯ

ನಾಣ್ಯಕ್ಕೆ ಗಾಯವಾಗದಂತೆ ಒಡಲನ್ನೇ ಪರೀಕ್ಷಿಸುವ ಉಪಾಯವು ಆರ್ಕಿಮಿಡೀಸನಷ್ಟು ಹಳೆಯದು. ನೀರಿನಲ್ಲಿ ಮುಳುಗಿದ ವಸ್ತುವು, ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟನ್ನು ಕಳೆದುಕೊಂಡಂತೆ ತೋರುತ್ತದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಸುಮಾರು ಒಂದು ಗ್ರಾಂ. ಆದುದರಿಂದ ಗಾಳಿಯಲ್ಲಿ ತೂಗಿದ ತೂಕವನ್ನು ನೀರಿನಲ್ಲಾದ ನಷ್ಟದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಅಪರಂಜಿಯ ಸಾಂದ್ರತೆ 19.3, ಸೀಸದ್ದು 11.3, ಬೆಳ್ಳಿಯದು 10.5, ತಾಮ್ರದ್ದು ಸುಮಾರು 9, ಹಿತ್ತಾಳೆಯದು ಸುಮಾರು 8.5. ಚಿನ್ನಕ್ಕೆ ಹತ್ತಿರದ ಸಾಂದ್ರತೆಯುಳ್ಳ ಅಗ್ಗದ ಸಾಮಾನ್ಯ ಲೋಹ ಯಾವುದೂ ಇಲ್ಲದಿರುವುದು ನಮ್ಮ ಪುಣ್ಯ.

ಬೀಕರಿನಲ್ಲಿ ನೀರಿಟ್ಟು, ತೆಳುವಾದ ನೈಲಾನ್ ಎಳೆಯಿಂದ ನಾಣ್ಯಗಳನ್ನು ಒಂದೊಂದಾಗಿ ತೂಗಹಾಕಿದೆವು. ಚಿನಿವಾರರು ಒರೆ ಹಚ್ಚಿದ್ದ ಮೊದಲನೆಯ ನಾಣ್ಯವು ಗಾಳಿಯಲ್ಲಿ 3.40 ಗ್ರಾಂ, ನೀರಿನಲ್ಲಿ 3.21 ಗ್ರಾಂ ತೂಗಿತು. ನಷ್ಟ 0.19. ಭಾಗಿಸಿದರೆ ಸಾಂದ್ರತೆ ಸುಮಾರು 17.9. ಇದು 22 ಕ್ಯಾರಟ್ಟಿನ ಚಿನ್ನದ ಸಾಂದ್ರತೆ. ಹುಡುಗನ ಮುಖ ಅರಳಿತು.

ಎರಡನೆಯ ನಾಣ್ಯ ಗಾಳಿಯಲ್ಲಿ 3.41 ಗ್ರಾಂ, ನೀರಿನಲ್ಲಿ 3.01. ನಷ್ಟ 0.40. ಭಾಗಲಬ್ಧ 8.5. ಲೆಕ್ಕವನ್ನು ಹುಡುಗನೇ ಮಾಡಿದನು. ಮಾಡಿ ಮುಗಿಸಿ, ಮತ್ತೊಮ್ಮೆ ಮಾಡಿದನು. ನಾವು ಏನನ್ನೂ ಹೇಳಬೇಕಾಗಲಿಲ್ಲ. ಉಳಿದ ಒಂಬತ್ತನ್ನೂ ತೂಗಿದೆವು; ಎಲ್ಲವೂ ಎಂಟೂವರೆಯ ಆಚೀಚೆ ನಿಂತುವು. ಚಿನ್ನದ ನೀರು ಕೊಟ್ಟ ಹಿತ್ತಾಳೆ!

ತೂಕ ಸರಿಯಿದ್ದೂ ನಾಣ್ಯ ಸುಳ್ಳಾದುದು ಹೇಗೆ? ಹಿತ್ತಾಳೆಯು ಚಿನ್ನದ ಅರ್ಧದಷ್ಟೂ ಸಾಂದ್ರವಲ್ಲ. ಅಷ್ಟೇ ತೂಕ ಬರಬೇಕಾದರೆ ಗಾತ್ರವು ಇಮ್ಮಡಿಗಿಂತ ಹೆಚ್ಚಾಗಬೇಕು. 13 ಮಿಲಿಮೀಟರ್ ಅಗಲದ ಚಿನ್ನದ ವರಹವು ಸುಮಾರು 1.4 ಮಿಲಿಮೀಟರ್ ದಪ್ಪವಾದರೆ, ಅದೇ ಅಗಲದ, ಅದೇ ತೂಕದ ಹಿತ್ತಾಳೆಯ ಬಿಲ್ಲೆ 3 ಮಿಲಿಮೀಟರ್ ದಪ್ಪವಿರಬೇಕು. ಈ ನಕಲುಗಳು ಅಗಲದಲ್ಲಿ ಸ್ವಲ್ಪ, ದಪ್ಪದಲ್ಲಿ ಸ್ವಲ್ಪ ಹೆಚ್ಚಾಗಿದ್ದುವು. ಮೊದಲನೆಯ ನಾಣ್ಯದ ಪಕ್ಕದಲ್ಲಿಟ್ಟರೆ ಬರಿಗಣ್ಣಿಗೇ ಕಾಣುತ್ತಿತ್ತು. ತೂಕ, ಅಗಲ, ದಪ್ಪ ಮೂರನ್ನೂ ಏಕಕಾಲದಲ್ಲಿ ಸರಿಪಡಿಸಲು ಹಿತ್ತಾಳೆಗೆ ಸಾಧ್ಯವಿಲ್ಲ.

ಭೂತಗನ್ನಡಿಯಲ್ಲಿ ಇನ್ನೊಂದು ಸಾಕ್ಷ್ಯವೂ ದೊರೆಯಿತು. ಹತ್ತು ನಾಣ್ಯಗಳಲ್ಲಿಯೂ ದೇವರ ವಿಗ್ರಹದ ಎಡಗಡೆ ಅದೇ ಸ್ಥಳದಲ್ಲಿ, ಅದೇ ಉದ್ದದ ಒಂದು ಗೀರು ಇತ್ತು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಗಳಲ್ಲಿ ಒಂದೊಂದರ ಗಾಯವೂ ಬೇರೆಯಾಗಿರಬೇಕು. ಎಲ್ಲಕ್ಕೂ ಒಂದೇ ಗಾಯವಾದರೆ, ಅವು ಗಾಯಗೊಂಡ ಒಂದು ನಾಣ್ಯದಿಂದ ತೆಗೆದ ಅಚ್ಚಿನಲ್ಲಿ ಎರಕ ಹೊಯ್ದವು. ಸುತ್ತಿಗೆಯ ಹೊಡೆತದಿಂದ ಮೂಡಿದ ನಾಣ್ಯದಲ್ಲಿ ಲೋಹವು ಅಂಚಿನ ಕಡೆಗೆ ಹರಿದ ಗುರುತಿರುತ್ತದೆ; ಎರಕದಲ್ಲಿ ಸೂಜಿಮೊನೆಯಂತಹ ಗುಳಿಗಳಿರುತ್ತವೆ. ಮೊದಲನೆಯದರಲ್ಲಿ ಹರಿವು ಕಂಡಿತು, ಉಳಿದುವುಗಳಲ್ಲಿ ಗುಳಿಗಳು.

ಒಂದು ಅಗುಳಿನ ತರ್ಕ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಹುಡುಗನ ತಂದೆಯವರು ಮಾಡಿದ್ದು ಅದನ್ನೇ. ಹಾಗಿದ್ದರೆ ಅವರು ಮೋಸಹೋದುದೇಕೆ?

ಗಾದೆಯಲ್ಲಿ ತಪ್ಪಿಲ್ಲ, ಆದರೆ ಅದಕ್ಕೊಂದು ಕಟ್ಟಳೆಯಿದೆ. ಎಲ್ಲ ಅಗುಳುಗಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರಬೇಕು. ಅಗುಳನ್ನು ನಾವೇ ಆರಿಸಿ ತೆಗೆದಿರಬೇಕು. ಮಾರುವವನು ತಾನೇ ಆರಿಸಿ ಕೈಗಿತ್ತ ಅಗುಳು ಆ ಪಾತ್ರೆಯದೆಂಬುದಕ್ಕೆ ಏನು ಆಧಾರ? ಅಂಕಿಅಂಶಗಳ ಶಾಸ್ತ್ರದಲ್ಲಿ ಮಾದರಿಯನ್ನು ಯಾದೃಚ್ಛಿಕವಾಗಿ ಆರಿಸಬೇಕೆಂದು ಹೇಳುವುದು ಇದನ್ನೇ. ಪೀಣ್ಯದ ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಪೆಟ್ಟಿಗೆ ಬಂದಾಗ, ಪರೀಕ್ಷಕನು ಕಳುಹಿಸಿದವನು ತೋರಿಸಿದ ತುಂಡನ್ನು ಅಳೆಯುವುದಿಲ್ಲ. ಪೆಟ್ಟಿಗೆಯ ತಳದಿಂದಲೂ ನಡುವಿನಿಂದಲೂ ತಾನೇ ಎತ್ತಿ ಅಳೆಯುತ್ತಾನೆ. ಈ ಕ್ರಮವನ್ನು ಹುಡುಗನ ತಂದೆಯವರು ದಿನವೂ ನೋಡುತ್ತಿದ್ದರು. ಚಿನ್ನದ ಮುಂದೆ ಅದು ನೆನಪಾಗಲಿಲ್ಲ.

ಅಜ್ಜಿಯ ಹಣ

ಇನ್ನು ಪುಟ್ಟ ನಾಣ್ಯ. ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗೆ ಒಂದು ಒಳ್ಳೆಯ ಪಾಠವಿದೆ. ಅದರ ತೂಕ 0.361 ಗ್ರಾಂ ಮಾತ್ರ. ನೀರಿನಲ್ಲಿ ಆಗುವ ನಷ್ಟವು 0.022 ಗ್ರಾಮಿನ ಹತ್ತಿರ. ನಮ್ಮ ತಕ್ಕಡಿಯಲ್ಲಿ ಒಂದು ಮಿಲಿಗ್ರಾಮಿನ ತಪ್ಪು ಸಹಜವಾದರೆ, ನಷ್ಟದಲ್ಲಿ ಶೇಕಡ 5ರಷ್ಟು ಅನಿಶ್ಚಯವಾಯಿತು. ಸಾಂದ್ರತೆ 16 ಇರಬಹುದು, ಹದಿನೇಳೂವರೆಯೂ ಇರಬಹುದು. ನಾಣ್ಯಕ್ಕೆ ಒಂದು ಮಿಲಿಮೀಟರ್ ವ್ಯಾಸದ ಗಾಳಿಗುಳ್ಳೆ ಅಂಟಿಕೊಂಡರೂ ಅರ್ಧ ಮಿಲಿಗ್ರಾಂ ಎತ್ತಿಬಿಡುತ್ತದೆ. ಆದಕಾರಣ ನೀರನ್ನು ಕುದಿಸಿ ಆರಿಸಿ, ಒಂದು ತೊಟ್ಟು ಸಾಬೂನಿನ ದ್ರಾವಣ ಹಾಕಿ, ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನು ತೋರಿಸುವ ರಸಾಯನ ವಿಭಾಗದ ತಕ್ಕಡಿಯಲ್ಲಿ ತೂಗಿದೆವು. ಗಾಳಿಯಲ್ಲಿ 0.3612, ನೀರಿನಲ್ಲಿ 0.3396, ನಷ್ಟ 0.0216. ಸಾಂದ್ರತೆ 16.7.

ಇದು ಹಿತ್ತಾಳೆಯಲ್ಲ, ಅಪರಂಜಿಯೂ ಅಲ್ಲ. ಚಿನ್ನದೊಡನೆ ಬೆರೆತದ್ದೆಲ್ಲವೂ ಬೆಳ್ಳಿಯಾದರೆ ಚಿನ್ನದ ಪಾಲು ಶೇಕಡ 82ರಷ್ಟಾಗುತ್ತದೆ. ತಾಮ್ರವಾದರೆ ಶೇಕಡ 87ರ ಹತ್ತಿರ. ಸಾಂದ್ರತೆಯೊಂದರಿಂದಲೇ ಈ ಎರಡನ್ನು ಬೇರ್ಪಡಿಸಲಾಗದು. ಕ್ಯಾಲಿಫೋರ್ನಿಯದ ನಾಣ್ಯಗಳಲ್ಲಿಯೂ ಇದೇ ತೊಡಕಿದೆ: ಅಲ್ಲಿನ ಹೊಳೆಯ ಚಿನ್ನದಲ್ಲಿ ಬೆಳ್ಳಿಯು ಸಹಜವಾಗಿಯೇ ಬೆರೆತಿರುತ್ತದೆ, ಸರ್ಕಾರದ ನಾಣ್ಯದಲ್ಲಿ ತಾಮ್ರವನ್ನು ಬೆರೆಸುತ್ತಿದ್ದರು. ಮೊದಲನೆಯದು ತಿಳಿಹಳದಿ, ಎರಡನೆಯದು ಕೆಂಪು ಛಾಯೆಯದು.

ಕ್ಷಕಿರಣಗಳೂ ಅವುಗಳ ಮಿತಿಯೂ

ಇಂತಹ ಸಂದರ್ಭದಲ್ಲಿ ನೆರವಾಗುವುದು ಕ್ಷಕಿರಣ ಪ್ರತಿದೀಪ್ತಿ. ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಹಾಕುವ ಕೇಂದ್ರಗಳಲ್ಲಿ ಈ ಯಂತ್ರವಿರುತ್ತದೆ. ಕ್ಷಕಿರಣವು ಪರಮಾಣುವಿನ ಒಳಕವಚದ ಎಲೆಕ್ಟ್ರಾನೊಂದನ್ನು ಹೊರಹಾಕುತ್ತದೆ. ತೆರವಾದ ಸ್ಥಾನಕ್ಕೆ ಹೊರಗಿನ ಎಲೆಕ್ಟ್ರಾನ್ ಬಿದ್ದಾಗ, ಆ ಧಾತುವಿಗೇ ಮೀಸಲಾದ ಶಕ್ತಿಯ ಕಿರಣ ಹೊರಬರುತ್ತದೆ. ಚಿನ್ನವು 9.7, ತಾಮ್ರವು 8.0, ಬೆಳ್ಳಿಯು 22.2 ಸಾವಿರ ಎಲೆಕ್ಟ್ರಾನ್‌ವೋಲ್ಟುಗಳ ಕಿರಣಗಳಿಂದ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತವೆ. ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. ಆದರೆ ಈ ಕಿರಣಗಳು ಚಿನ್ನದೊಳಗಿಂದ ಮಿಲಿಮೀಟರಿನ ನೂರನೆಯ ಒಂದೆರಡು ಪಾಲಿನ ಆಳದಿಂದ ಮಾತ್ರ ಹೊರಬರಬಲ್ಲವು. ಎಂದರೆ ಇದೂ ಒರೆಗಲ್ಲಿನಂತೆ ಮೇಲ್ಮೈಯ ಸಾಕ್ಷಿಯೇ.

ಸಾಂದ್ರತೆಯನ್ನೂ ವಂಚಿಸುವ ಒಂದು ಲೋಹವಿದೆ, ಅದು ಟಂಗ್‌ಸ್ಟನ್. ಅದರ ಸಾಂದ್ರತೆ 19.25. ಚಿನ್ನದ ಗಟ್ಟಿಯೊಳಗೆ ಟಂಗ್‌ಸ್ಟನ್ ತುಂಬಿದರೆ ನೀರಿನ ತಕ್ಕಡಿಗೆ ತಿಳಿಯದು. ಆದರೆ ಚಿನ್ನದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 3,240 ಮೀಟರ್ ವೇಗದಿಂದ ಸಾಗಿದರೆ, ಟಂಗ್‌ಸ್ಟನ್‌ನಲ್ಲಿ ಸುಮಾರು 5,200 ಮೀಟರ್ ವೇಗದಿಂದ ಸಾಗುತ್ತದೆ. ಶ್ರವಣಾತೀತ ಶಬ್ದದ ಪ್ರತಿಧ್ವನಿಯನ್ನು ಅಳೆದರೆ ಈ ಕಪಟವೂ ಬಯಲಾಗುವುದು. ಒಂದು ಪರೀಕ್ಷೆಯ ಕುರುಡನ್ನು ಮತ್ತೊಂದು ಪರೀಕ್ಷೆ ತುಂಬಿಕೊಡಬೇಕು. ವಿಜ್ಞಾನದಲ್ಲಿ ನಂಬಿಕೆ ಬೆಳೆಯುವ ಬಗೆಯೇ ಇದು.

ಎಲ್ಲಕ್ಕಿಂತ ನಿಷ್ಕೃಷ್ಟವಾದುದು ಹಳೆಯ ಪುಟಪಾಕವೇ. ಚಿನ್ನದ ಚೂರನ್ನು ಸೀಸದೊಡನೆ ಮೂಳೆಬೂದಿಯ ಬಟ್ಟಲಲ್ಲಿ ಕರಗಿಸಿದರೆ, ಕೀಳು ಲೋಹಗಳು ಸೀಸದ ಆಕ್ಸೈಡಿನೊಡನೆ ಬಟ್ಟಲಿಗೆ ಇಂಗಿಹೋಗುತ್ತವೆ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಿಂದ ಬೇರ್ಪಡಿಸಿದರೆ ಉಳಿಯುವುದು ಅಪ್ಪಟ ಚಿನ್ನ. ಬಾಲ್ಡ್‌ವಿನ್ ನಾಣ್ಯಗಳ ಗುಟ್ಟು ಹೊರಬಿದ್ದುದು ಇಂತಹ ಬೆಂಕಿಯ ಪರೀಕ್ಷೆಯಿಂದ. ಆದರೆ ಅದಕ್ಕಾಗಿ ನಾಣ್ಯವನ್ನು ಕತ್ತರಿಸಬೇಕು. ಅಜ್ಜಿಯ ಹಣಕ್ಕೆ ಅದು ತಕ್ಕುದಲ್ಲ.

ಇಷ್ಟಾದರೂ ಒಂದು ಮಾತು ಉಳಿಯಿತು. ಲೋಹವು ಯಾವುದೆಂಬುದನ್ನು ಭೌತವಿಜ್ಞಾನ ಹೇಳಬಲ್ಲುದು. ನಾಣ್ಯವನ್ನು ಯಾರು, ಯಾವಾಗ ಹೊಡೆದರೆಂಬುದನ್ನು ಅದೊಂದೇ ಹೇಳಲಾರದು. ಅಪೂರ್ವ ನಾಣ್ಯದ ಬೆಲೆ ಅದರ ಚಿನ್ನಕ್ಕಿಂತ ಎಷ್ಟೋ ಹೆಚ್ಚಾದಾಗ, ನಕಲು ಮಾಡುವವನು ನಿಜವಾದ ಚಿನ್ನವನ್ನೇ ಬಳಸಬಹುದು. ಅಲ್ಲಿ ತಕ್ಕಡಿ ಸುಮ್ಮನಾಗುತ್ತದೆ. ಅಚ್ಚುಗಳನ್ನು ನೂರಾರು ಸಲ ನೋಡಿದ ನಾಣ್ಯಶಾಸ್ತ್ರಜ್ಞರ ಕಣ್ಣು ಬೇಕಾಗುತ್ತದೆ. ಅಜ್ಜಿಯ ಹಣದ ಮೇಲೆ ಕುಳಿತ ನರಸಿಂಹನಂತೆ ತೋರುವ ಆಕೃತಿ ಇತ್ತು. ಕಂಠೀರಾಯಿ ಹಣವಿರಬಹುದೆಂದು ನಮಗೆ ತೋರಿದರೂ, ಅದನ್ನು ಬಲ್ಲವರಿಗೆ ತೋರಿಸಿರೆಂದು ಹೇಳಿದೆವು.

ಸಂಗ್ರಹಿಸುವವರಿಗೆ ಎರಡು ಮಾತು

ನಾಣ್ಯ ಸಂಗ್ರಹವು ವಿದ್ಯಾರ್ಥಿಗಳಿಗೆ ಒಳ್ಳೆಯ ಹವ್ಯಾಸ. ಅದಕ್ಕೆ ಚಿನ್ನ ಬೇಕಾಗಿಲ್ಲ. ಹಳೆಯ ತಾಮ್ರದ ಕಾಸಿನಿಂದ ಆರಂಭಿಸಬಹುದು. ನಾಣ್ಯವನ್ನು ಹುಣಿಸೆಹಣ್ಣಿನಿಂದಾಗಲಿ ಆಮ್ಲದಿಂದಾಗಲಿ ತಿಕ್ಕಬಾರದು. ಮೈಮೇಲಿನ ಕರೆಯೂ ಚರಿತ್ರೆಯ ಭಾಗವೇ. ಪ್ರತಿಯೊಂದರ ತೂಕ, ಅಗಲ, ದಪ್ಪ, ಎಲ್ಲಿಂದ ಬಂದಿತೆಂಬ ವಿವರ, ಇವುಗಳನ್ನು ಬರೆದಿಡಬೇಕು. ಬೆಂಗಳೂರಿನವರು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ನೈಜ ನಾಣ್ಯಗಳನ್ನು ನೋಡಿ ಕಣ್ಣನ್ನು ಪಳಗಿಸಿಕೊಳ್ಳಬಹುದು.

ಕಾನೂನನ್ನೂ ತಿಳಿದಿರಬೇಕು. ನೆಲದಲ್ಲಿ ನಿಧಿ ದೊರೆತರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕರ್ತವ್ಯ. ಮುಚ್ಚಿಟ್ಟು ಮಾರುವುದು ಅಪರಾಧ. 1972ರ ಪುರಾತನ ವಸ್ತುಗಳ ಕಾನೂನಿನಂತೆ ನೂರು ವರ್ಷ ಮೀರಿದ ನಾಣ್ಯಗಳು ಪ್ರಾಚೀನ ವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆದುದರಿಂದ 'ಯಾರಿಗೂ ಹೇಳಬೇಡಿ' ಎಂಬ ಮಾತಿನೊಡನೆ ಮಾರಾಟಕ್ಕೆ ಬಂದ ನಿಧಿಯು, ನಿಜವಾದರೆ ಕಾನೂನಿಗೆ ವಿರುದ್ಧ, ಸುಳ್ಳಾದರೆ ಮೋಸ. ಎರಡರಲ್ಲಿಯೂ ಕೊಳ್ಳುವವನಿಗೆ ಲಾಭವಿಲ್ಲ. ಆ ಗುಟ್ಟೇ ಮೋಸಗಾರನ ಮುಖ್ಯ ಸಾಧನವೆಂಬುದನ್ನು ಗಮನಿಸಬೇಕು: ಕೊಂಡವನು ಹತ್ತನ್ನೂ ಪರೀಕ್ಷಿಸಲು ಅಂಜುವಂತೆಯೂ, ಮೋಸ ತಿಳಿದ ಮೇಲೆ ದೂರು ಕೊಡಲು ಅಂಜುವಂತೆಯೂ ಅದು ಮಾಡುತ್ತದೆ.

ಮರುದಿನ ಹುಡುಗನ ತಂದೆಯವರು ಕೆಲಸಕ್ಕೆ ರಜೆ ಹಾಕಿ ಕಾಲೇಜಿಗೆ ಬಂದರು. ಎಲ್ಲ ತೂಕಗಳನ್ನೂ ಬರೆದ ಕಾಗದವನ್ನು ಅವರ ಮುಂದಿಟ್ಟೆವು. ಬಹಳ ಹೊತ್ತು ನೋಡಿದರು. 'ನಮ್ಮ ಕಾರ್ಖಾನೆಯಲ್ಲಿ ಒಂದು ಬುಷ್ ತೆಗೆದುಕೊಳ್ಳುವುದಕ್ಕೆ ಐದು ತುಂಡು ಅಳೆಯುತ್ತೇವೆ, ಸರ್' ಎಂದರು, ಮತ್ತೇನೂ ಹೇಳಲಿಲ್ಲ. ಆಮೇಲೆ ತಂದೆ ಮಗ ಇಬ್ಬರೂ, ಹನ್ನೊಂದು ನಾಣ್ಯಗಳನ್ನೂ ಆ ಕಾಗದವನ್ನೂ ತೆಗೆದುಕೊಂಡು ಪೊಲೀಸ್ ಠಾಣೆಗೆ ಹೊರಟರು. ಅಂಜಿಕೆ ಪೂರ್ತಿಯಾಗಿ ಹೋಗಿರಲಿಲ್ಲ, ಆದರೂ ಹೊರಟರು. ಹೋದ ಹಣ ಹಿಂದಿರುಗುವುದೆಂದು ಭರವಸೆ ಕೊಡಲು ನಮ್ಮಿಂದಾಗಲಿಲ್ಲ.

ಅಜ್ಜಿಯ ಹಣವು ಅಜ್ಜಿಯ ಪೆಟ್ಟಿಗೆಗೆ ಮರಳಿತು. ಅದು ಚಿನ್ನವೆಂದು ಮೊಮ್ಮಗನು ಹೇಳಿದಾಗ, ಅದು ತನಗೆ ಗೊತ್ತೇ ಇತ್ತೆಂದು ಅವರು ನಕ್ಕರಂತೆ. ಈ ವರ್ಷ ಮೊದಲ ತರಗತಿಯ ಹುಡುಗರಿಗೆ ಆರ್ಕಿಮಿಡೀಸನ ಪ್ರಯೋಗವನ್ನು ತೋರಿಸಿಕೊಡುವ ಕೆಲಸವನ್ನು ಆ ವಿದ್ಯಾರ್ಥಿಯೇ ಕೇಳಿ ಪಡೆದಿದ್ದಾನೆ. ಗಾಳಿಗುಳ್ಳೆ ಅಂಟಿದೆಯೇ ಎಂದು ಅವನು ಎರಡೆರಡು ಸಲ ಬಗ್ಗಿ ನೋಡುತ್ತಾನೆ.